ಬಿಗಿ ಬಜೆಟ್‌ನಲ್ಲಿ ಗೇಮಿಂಗ್ ಪಿಸಿ: ಈ ಪಾರ್ಟ್ಸ್ ಲಿಸ್ಟ್‌ನಲ್ಲಿ ಏನು ತಪ್ಪಿದೆ?

ಮೊದಲಬಿಲ್ಡ್:

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಪಿಸಿ ಅಸೆಂಬಲ್ ಮಾಡೋಕೆ ಹೊರಟಿದ್ದೀನಿ. ಬಜೆಟ್ ತುಂಬಾ ಬಿಗಿ. ಒಂದು ಪಾರ್ಟ್‌ಗೆ ಜಾಸ್ತಿ ಹಾಕಿದ್ರೆ ಇನ್ನೊಂದರಲ್ಲಿ ಅಷ್ಟೇ ಕಡಿಮೆ ಮಾಡಬೇಕು. 1080ಪಿ 75 ಹರ್ಟ್ಸ್ ಮಾನಿಟರ್, ಕೀಬೋರ್ಡ್, ಮೌಸ್ ಇವೆ. ಆಡೋದು ವ್ಯಾಲೊರಂಟ್, ಸಿಎಸ್ 2, ಜಿಟಿಎ 5. ಎಲ್ಡನ್ ರಿಂಗ್ ಕೂಡ ಆಡಬೇಕು ಅಂತ ಆಸೆ. ಸದ್ಯದ ಲಿಸ್ಟ್ ಹೀಗಿದೆ:

ರೈಜನ್ 5 5600ಜಿ ಪ್ರೊಸೆಸರ್
ಎ520 ಮದರ್‌ಬೋರ್ಡ್
8 ಜಿಬಿ ಡಿಡಿಆರ್4 3200 ರ‍್ಯಾಮ್, ಒಂದೇ ಸ್ಟಿಕ್ (ಇನ್ನೊಂದು ಆಮೇಲೆ)
ಆರ್‌ಎಕ್ಸ್ 6500 ಎಕ್ಸ್‌ಟಿ 4 ಜಿಬಿ ಗ್ರಾಫಿಕ್ಸ್ ಕಾರ್ಡ್
256 ಜಿಬಿ ಸಾಟಾ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್ ಡಿಸ್ಕ್
ಆರ್‌ಜಿಬಿ ಫ್ಯಾನ್‌ಗಳ ಕ್ಯಾಬಿನೆಟ್, ಅದರ ಜೊತೆಗೇ ಬರೋ 500 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ)

ಎಲ್ಲಿ ಕತ್ತರಿಸಬೇಕು, ಎಲ್ಲಿ ಸೇರಿಸಬೇಕು? ದಯವಿಟ್ಟು ಕಾರಣದ ಜೊತೆ ಹೇಳಿ.

ಫ್ರೇಮ್‌ಲೆಕ್ಕ:

ಬಿಡಿಬಿಡಿಯಾಗಿ ನೋಡಿದರೆ ನಿಮ್ಮ ಲಿಸ್ಟ್‌ನಲ್ಲಿ ಯಾವುದೂ ಕೆಟ್ಟದ್ದು ಅನ್ನಿಸುವುದಿಲ್ಲ. ತೊಂದರೆ ಇರುವುದು ಜೋಡಿಯಲ್ಲಿ. 5600ಜಿ ಮತ್ತು 6500 ಎಕ್ಸ್‌ಟಿ ಒಟ್ಟಿಗೆ ಹಾಕಲೇಬಾರದ ಜೋಡಿ.

6500 ಎಕ್ಸ್‌ಟಿ ಕಾರ್ಡ್‌ನ ಕನೆಕ್ಟರ್ ಉದ್ದಕ್ಕೆ ಕಂಡರೂ ಒಳಗೆ ಕೆಲಸ ಮಾಡುವುದು ನಾಲ್ಕೇ ಪಿಸಿಐಇ ಲೇನ್ (ಕಾರ್ಡ್ ಮತ್ತು ಪ್ರೊಸೆಸರ್ ನಡುವೆ ಡೇಟಾ ಓಡಾಡುವ ದಾರಿ). ಪಿಸಿಐಇ 4.0 ಇದ್ದರೆ ನಾಲ್ಕು ಲೇನ್‌ನಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಡೇಟಾ ಹೋಗುತ್ತದೆ. 5600ಜಿ ಪ್ರೊಸೆಸರ್ ಕೊಡುವುದು ಪಿಸಿಐಇ 3.0 ಮಾತ್ರ, ಎ520 ಬೋರ್ಡ್ ಕೂಡ ಅಷ್ಟೇ. ಹಾಗಾಗಿ ದಾರಿ ಅರ್ಧಕ್ಕಿಳಿದು 4 ಜಿಬಿ ಆಗುತ್ತದೆ. ಕಾರ್ಡ್‌ನ ವಿಡಿಯೊ ಮೆಮೊರಿ 4 ಜಿಬಿ ಒಳಗೇ ಆಟ ಮುಗಿದರೆ ಇದು ಗೊತ್ತೇ ಆಗುವುದಿಲ್ಲ, ವ್ಯಾಲೊರಂಟ್ ಚೆನ್ನಾಗಿಯೇ ಓಡುತ್ತದೆ. ದೊಡ್ಡ ಗೇಮ್‌ನಲ್ಲಿ ಮೆಮೊರಿ ತುಂಬಿದ ಕ್ಷಣ ಟೆಕ್ಸ್‌ಚರ್‌ಗಳು ರ‍್ಯಾಮ್‌ಗೆ ಹೋಗಿ, ಬೇಕಾದಾಗ ಅದೇ ಇಕ್ಕಟ್ಟಿನ ದಾರಿಯಲ್ಲಿ ವಾಪಸ್ ಬರಬೇಕು. ಆಗ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) 60 ಅಂತ ತೋರಿಸುತ್ತಿದ್ದರೂ ಕ್ಯಾಮೆರಾ ತಿರುಗಿಸಿದಾಗಲೆಲ್ಲ ಚಿತ್ರ ಗಕ್ಕನೆ ನಿಂತು ಮುಂದೆ ಹೋಗುತ್ತದೆ. ಸೆಟ್ಟಿಂಗ್ಸ್ ಎಷ್ಟು ಇಳಿಸಿದರೂ ಪೂರ್ತಿ ಹೋಗದ ತೊಂದರೆ ಅದು. ಜೊತೆಗೆ ಆ ಕಾರ್ಡ್‌ನಲ್ಲಿ ಹಾರ್ಡ್‌ವೇರ್ ವಿಡಿಯೊ ಎನ್‌ಕೋಡರ್ ಇಲ್ಲ. ಆಟ ರೆಕಾರ್ಡ್ ಮಾಡಬೇಕೆಂದರೆ ಆ ಹೊರೆಯೂ ಪ್ರೊಸೆಸರ್ ಮೇಲೇ ಬೀಳುತ್ತದೆ.

5600ಜಿ ಒಳಗಿನ ಗ್ರಾಫಿಕ್ಸ್‌ಗೆ ಹಣ ಕೊಟ್ಟು, ಮೇಲೊಂದು ಗ್ರಾಫಿಕ್ಸ್ ಕಾರ್ಡ್ ಹಾಕುವುದು ಒಂದೇ ಕೆಲಸಕ್ಕೆ ಎರಡು ಸಲ ಖರ್ಚು. ಜಿ ಇಲ್ಲದ ರೈಜನ್ 5 5600 ತಗೊಳ್ಳಿ. ಅದರಲ್ಲೂ 6 ಕೋರ್, 12 ಥ್ರೆಡ್, ಆದರೆ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 32 ಎಂಬಿ. ಜಿ ಮಾದರಿಯಲ್ಲಿರುವುದು 16 ಎಂಬಿ. ಸಿಎಸ್ 2, ವ್ಯಾಲೊರಂಟ್ ಥರದ ಪ್ರೊಸೆಸರ್ ಮೇಲೆ ನಿಂತ ಗೇಮ್‌ಗಳಲ್ಲಿ ಈ ಕ್ಯಾಶ್ ಕಣ್ಣಿಗೆ ಕಾಣುವಷ್ಟು ಫರಕ್ ಮಾಡುತ್ತದೆ. 5500 ಅಂತ ಇನ್ನೂ ಅಗ್ಗದ್ದು ಸಿಗುತ್ತದೆ. ಅದು ಒಳಗೆ ಗ್ರಾಫಿಕ್ಸ್ ತೆಗೆದ 5600ಜಿ ಇದ್ದ ಹಾಗೆ: ಅದೇ 16 ಎಂಬಿ, ಅದೇ ಪಿಸಿಐಇ 3.0. ತೀರಾ ಕೈ ಕಟ್ಟಿದ್ದರೆ ಮಾತ್ರ ಅದು.

ಕಾರ್ಡ್ ಆರ್‌ಎಕ್ಸ್ 6600 ಇರಲಿ. 8 ಜಿಬಿ ಮೆಮೊರಿ, ಎಂಟು ಲೇನ್. ಎ520 ಬೋರ್ಡ್‌ನ ಪಿಸಿಐಇ 3.0 ಮೇಲೂ ಸೆಕೆಂಡಿಗೆ 8 ಜಿಬಿ ದಾರಿ ಸಿಗುವುದರಿಂದ ನಷ್ಟ ತೀರಾ ಕಡಿಮೆ. ಅಂದರೆ ಬೋರ್ಡ್ ಬದಲಿಸುವ ಅಗತ್ಯವಿಲ್ಲ. ಎಲ್ಡನ್ ರಿಂಗ್ 60 ಎಫ್‌ಪಿಎಸ್ ಮೇಲೆ ಹೋಗುವುದಿಲ್ಲ, ಗೇಮ್‌ನಲ್ಲೇ ಮಿತಿ ಇದೆ. 1080ಪಿಯಲ್ಲಿ ಆ ಮಿತಿ ಹಿಡಿಯಲು ಈ ಕಾರ್ಡ್ ಧಾರಾಳ ಸಾಕು.

ರ‍್ಯಾಮ್ ವಿಷಯದಲ್ಲಿ "ಇನ್ನೊಂದು ಆಮೇಲೆ" ಬೇಡ. ಎಲ್ಡನ್ ರಿಂಗ್‌ಗೆ ಕನಿಷ್ಠ ಅಂತ ಹೇಳಿರುವುದೇ 12 ಜಿಬಿ. ಒಂದೇ ಸ್ಟಿಕ್ ಇದ್ದರೆ ಸಿಂಗಲ್ ಚಾನೆಲ್, ಅಂದರೆ ಮೆಮೊರಿ ಬ್ಯಾಂಡ್‌ವಿಡ್ತ್ ಅರ್ಧ. ಆಮೇಲೆ ಬೇರೆ ಕಂಪನಿಯ ಸ್ಟಿಕ್ ಸೇರಿಸಿದರೆ ಎರಡೂ 3200ರಲ್ಲಿ ಹೊಂದಿಕೊಳ್ಳದೆ ವೇಗ ಇಳಿಸಬೇಕಾಗಿ ಬರಬಹುದು. 8 ಜಿಬಿಯ ಎರಡು ಸ್ಟಿಕ್ ಇರುವ ಕಿಟ್, 3200 ಸಿಎಲ್16, ಒಂದೇ ಪೊಟ್ಟಣದಲ್ಲಿ ಬಂದದ್ದು.

ಇದಕ್ಕೆಲ್ಲ ಹಣ ಎಲ್ಲಿಂದ? ಆರ್‌ಜಿಬಿ ಕ್ಯಾಬಿನೆಟ್ ಬಿಡಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಬೇಡ. ಮುಂಭಾಗ ಜಾಲರಿ ಇದ್ದು, ಮುಂದೊಂದು ಹಿಂದೊಂದು 120 ಎಂಎಂ ಫ್ಯಾನ್ ಇದ್ದರೆ ಈ ಪಿಸಿಗೆ ಸಾಕು. ಮುಂದೆ ಪೂರ್ತಿ ಗಾಜು ಇರುವ ಕ್ಯಾಬಿನೆಟ್‌ನಲ್ಲಿ ಫ್ಯಾನ್ ಎಷ್ಟಿದ್ದರೂ ಗಾಳಿ ಒಳಗೆ ಬರಲು ಜಾಗವೇ ಇರುವುದಿಲ್ಲ. ಹಾರ್ಡ್ ಡಿಸ್ಕ್ ಮತ್ತು ಸಾಟಾ ಎಸ್‌ಎಸ್‌ಡಿ ಎರಡನ್ನೂ ಬಿಟ್ಟು 500 ಜಿಬಿಯ ಒಂದು ಎನ್‌ವಿಎಂಇ (ಬೋರ್ಡ್ ಮೇಲೇ ಕೂರುವ ವೇಗದ ಎಸ್‌ಎಸ್‌ಡಿ) ಹಾಕಿ. ಈಗಿನ ದೊಡ್ಡ ಗೇಮ್‌ಗಳು ಒಂದೊಂದೇ 100 ಜಿಬಿ ದಾಟುತ್ತವೆ, 256 ಜಿಬಿ ವಿಂಡೋಸ್ ಮತ್ತು ಒಂದೆರಡು ಗೇಮ್‌ಗೇ ಮುಗಿಯುತ್ತದೆ. ಒಟ್ಟು ಹಣದಲ್ಲಿ ಶೇ. 40ರ ಆಸುಪಾಸು ಗ್ರಾಫಿಕ್ಸ್ ಕಾರ್ಡ್‌ಗೆ ಹೋದರೆ ಗೇಮಿಂಗ್ ಪಿಸಿಯ ಲೆಕ್ಕ ಸರಿ ಕೂರುತ್ತದೆ.

ಹನ್ನೆರಡುವೋಲ್ಟ್:

ಮೇಲಿನ ಮಾತಿಗೆಲ್ಲ ನನ್ನ ಒಪ್ಪಿಗೆ ಇದೆ. ಆದರೆ ಲಿಸ್ಟ್‌ನಲ್ಲಿ ನಿಜವಾಗಿ ಭಯ ಹುಟ್ಟಿಸುವ ಸಾಲು ಕೊನೆಯದು.

ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ 500 ವ್ಯಾಟ್ ಅಂತ ಬರೆದಿರುತ್ತದೆ. ಅದನ್ನು ಓದಬೇಡಿ. ಪಕ್ಕದ ಸ್ಟಿಕ್ಕರ್‌ನ ಕೋಷ್ಟಕದಲ್ಲಿ +12 ವೋಲ್ಟ್ ಎದುರು ಎಷ್ಟು ಆಂಪಿಯರ್ ಇದೆ ನೋಡಿ. ಅಲ್ಲಿ 20 ಇದ್ದರೆ 12 × 20 = 240 ವ್ಯಾಟ್, ಅಷ್ಟೇ. ಉಳಿದದ್ದೆಲ್ಲ 3.3 ಮತ್ತು 5 ವೋಲ್ಟ್‌ನಲ್ಲಿ ಸೇರಿಸಿ ತೋರಿಸಿದ ಲೆಕ್ಕ. ಈಗಿನ ಪಿಸಿಯಲ್ಲಿ ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ವಿದ್ಯುತ್ ಎಳೆಯುವುದು ಹೆಚ್ಚುಕಡಿಮೆ ಪೂರ್ತಿ 12 ವೋಲ್ಟ್‌ನಿಂದಲೇ.

ನಿಮ್ಮ ಹೊಸ ಲಿಸ್ಟ್‌ನ ಲೆಕ್ಕ: ಆರ್‌ಎಕ್ಸ್ 6600ಗೆ 132 ವ್ಯಾಟ್. ರೈಜನ್ 5600 ಮೇಲೆ 65 ವ್ಯಾಟ್ ಅಂತ ಬರೆದಿದ್ದರೂ ಎಳೆಯುವ ಮಿತಿ 76. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಸೇರಿ ಇನ್ನೊಂದು 40–50. ಅಲ್ಲಿಗೆ ಸುಮಾರು 250 ಆಯಿತು. ಇದರ ಮೇಲೆ ಗ್ರಾಫಿಕ್ಸ್ ಕಾರ್ಡ್ ಕೆಲವು ಮಿಲಿಸೆಕೆಂಡ್ ಮಟ್ಟಿಗೆ ಇದ್ದಕ್ಕಿದ್ದಂತೆ ಬಹಳ ಹೆಚ್ಚು ಎಳೆಯುತ್ತದೆ. 240 ವ್ಯಾಟ್‌ನ ಯೂನಿಟ್ ಅಲ್ಲಿ ಕುಸಿಯುತ್ತದೆ: ಆಡುತ್ತಾ ಇರುವಾಗ ಸ್ಕ್ರೀನ್ ಕಪ್ಪಾಗಿ ಪಿಸಿ ರೀಸ್ಟಾರ್ಟ್. ನೀಲಿ ಸ್ಕ್ರೀನ್ ಕೂಡ ಬರುವುದಿಲ್ಲ. ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತ ಮಾತ್ರ ಉಳಿದಿರುತ್ತದೆ. ಬಹಳ ಜನ ಇದನ್ನು ಡ್ರೈವರ್ ತೊಂದರೆ ಅಂದುಕೊಂಡು ವಿಂಡೋಸ್ ಮೇಲೆ ವಿಂಡೋಸ್ ಹಾಕುತ್ತಾ ವಾರ ಕಳೆಯುತ್ತಾರೆ.

ಪ್ರತ್ಯೇಕವಾಗಿ 450ರಿಂದ 550 ವ್ಯಾಟ್‌ನ ಎಸ್‌ಎಂಪಿಎಸ್ ತಗೊಳ್ಳಿ. +12 ವೋಲ್ಟ್‌ನಲ್ಲಿ 36 ಆಂಪಿಯರ್‌ಗೆ ಕಡಿಮೆ ಇರಬಾರದು. 80 ಪ್ಲಸ್ ಬ್ರಾಂಜ್ ಗುರುತು ಇದ್ದರೆ ಒಳ್ಳೆಯದು, ಆದರೆ ಆ ಗುರುತು ಹೇಳುವುದು ಎಷ್ಟು ವಿದ್ಯುತ್ ಬಿಸಿಯಾಗಿ ಪೋಲಾಗುತ್ತದೆ ಎಂಬುದನ್ನಷ್ಟೇ. ಶಾರ್ಟ್ ಆದಾಗ, ವೋಲ್ಟೇಜ್ ಏರಿದಾಗ, ಲೋಡ್ ಮಿತಿ ಮೀರಿದಾಗ ತಾನೇ ಬಂದ್ ಆಗುವ ರಕ್ಷಣೆ ಇದೆಯೇ ಎಂದು ತಿಳಿಯಲು ಒಸಿಪಿ, ಒವಿಪಿ, ಎಸ್‌ಸಿಪಿ, ಒಪಿಪಿ ಅಂತ ಬಾಕ್ಸ್ ಮೇಲೆ ಇದೆಯೇ ನೋಡಿ. ಕಾರ್ಡ್‌ಗೆ ಬೇಕಾದ 6+2 ಪಿನ್ ವೈರ್ ಎಸ್‌ಎಂಪಿಎಸ್‌ನಿಂದಲೇ ಬಂದಿರಬೇಕು. ಮೋಲೆಕ್ಸ್‌ನಿಂದ ಅಥವಾ ಸಾಟಾ ಪವರ್‌ನಿಂದ ಅಡಾಪ್ಟರ್ ಹಾಕಬೇಡಿ, ಆ ಕನೆಕ್ಟರ್ ಅಷ್ಟು ಕರೆಂಟ್ ತಾಳದೆ ಕರಗಬಹುದು.

ಉಳಿದ ಯಾವ ಪಾರ್ಟ್ ಅಗ್ಗದ್ದಾದರೂ ಹೆಚ್ಚೆಂದರೆ ಅದೊಂದು ನಿಧಾನ ಆಗುತ್ತದೆ. ಎಸ್‌ಎಂಪಿಎಸ್ ಹೋಗುವಾಗ ಬೋರ್ಡ್, ಕಾರ್ಡ್ ಎರಡನ್ನೂ ಕರೆದುಕೊಂಡು ಹೋಗಬಹುದು.

ಮೊದಲಬಿಲ್ಡ್:

ತುಂಬಾ ಧನ್ಯವಾದ, ಪಿಸಿಐಇ ಲೇನ್ ವಿಷಯ ಗೊತ್ತೇ ಇರಲಿಲ್ಲ. 5600, 8+8 ಕಿಟ್, 500 ಜಿಬಿ ಎನ್‌ವಿಎಂಇ, ಜಾಲರಿ ಕ್ಯಾಬಿನೆಟ್, ಬೇರೆ ಎಸ್‌ಎಂಪಿಎಸ್ ಅಂತ ತಿದ್ದಿಕೊಂಡೆ. ಹೊಸ 6600ಗೆ ಸ್ವಲ್ಪ ಕಡಿಮೆ ಬೀಳುತ್ತೆ. ಸೆಕೆಂಡ್ ಹ್ಯಾಂಡ್ 6600 ತಗೋಬಹುದಾ? ಅಥವಾ ಇನ್ನೂ ಅಗ್ಗಕ್ಕೆ ಸಿಗೋ ಆರ್‌ಎಕ್ಸ್ 580 8 ಜಿಬಿ? ಜೋಡಿಸುವಾಗ ಹೊಸಬರು ಏನು ತಪ್ಪು ಮಾಡ್ತಾರೆ ಅಂತಾನೂ ಹೇಳಿ.

ಫ್ರೇಮ್‌ಲೆಕ್ಕ:

ಸೆಕೆಂಡ್ ಹ್ಯಾಂಡ್ 6600 ಧೈರ್ಯವಾಗಿ ತಗೊಳ್ಳಿ, 580 ಬೇಡ. ಅದು 2017ರ ಕಾರ್ಡ್, 185 ವ್ಯಾಟ್ ಎಳೆಯುತ್ತದೆ, ಹೊಸ ಗೇಮ್‌ಗಳಿಗೆ ಹೊಂದಿಸಿದ ಡ್ರೈವರ್ ಅದಕ್ಕೆ ಈಗ ಬರುವುದಿಲ್ಲ. ರೇ ಟ್ರೇಸಿಂಗ್ ಹಾರ್ಡ್‌ವೇರ್ ಅದರಲ್ಲಿಲ್ಲ. 2025ರ ಡೂಮ್: ದ ಡಾರ್ಕ್ ಏಜಸ್ ಅದಿಲ್ಲದ ಕಾರ್ಡ್‌ಗಳನ್ನು ಬೆಂಬಲಿಸುವುದೇ ಇಲ್ಲ. ಇನ್ನೊಂದು ಮೋಸ ಇದೆ: 2048ಎಸ್‌ಪಿ ಅಂತ ಒಂದು ಮಾದರಿಯನ್ನು 580 ಹೆಸರಲ್ಲೇ ಮಾರುತ್ತಾರೆ. ನಿಜವಾದ 580ರಲ್ಲಿ ಶೇಡರ್ (ಚಿತ್ರದ ಲೆಕ್ಕ ಮಾಡುವ ಘಟಕ) 2304, ಅದರಲ್ಲಿ 2048. ಅದು 570ರ ಲೆಕ್ಕ.

ಹಳೆಯ ಕಾರ್ಡ್ ಯಾವುದೇ ಆಗಲಿ, ಓಡುತ್ತಿರುವ ಪಿಸಿಯಲ್ಲಿ ಹಾಕಿ ನೋಡದೆ ಹಣ ಕೊಡಬೇಡಿ. ಜಿಪಿಯು-ಝಡ್ (ಕಾರ್ಡ್‌ನ ವಿವರ ತೋರಿಸುವ ಸಾಫ್ಟ್‌ವೇರ್) ತೆರೆದು ಶೇಡರ್ ಸಂಖ್ಯೆ ನೋಡಿ, 6600ಗೆ 1792 ಇರಬೇಕು. ಆಮೇಲೆ ಕಾರ್ಡ್‌ಗೆ ಪೂರ್ತಿ ಹೊರೆ ಹಾಕುವ ಫರ್‌ಮಾರ್ಕ್ 15 ನಿಮಿಷ ಓಡಿಸಿ. ಸ್ಕ್ರೀನ್ ಮೇಲೆ ಬಣ್ಣದ ಚುಕ್ಕಿ, ಚೌಕಗಳು ಮಿನುಗಿದರೆ ಮೆಮೊರಿ ಹಾಳಾಗುತ್ತಿದೆ, ಅಲ್ಲಿಗೇ ಬಿಡಿ. ಜಿಪಿಯು ತಾಪಮಾನಕ್ಕೂ ಹಾಟ್‌ಸ್ಪಾಟ್‌ಗೂ (ಚಿಪ್‌ನ ಅತಿ ಬಿಸಿ ಜಾಗ) 10–20 ಡಿಗ್ರಿ ವ್ಯತ್ಯಾಸ ಸಹಜ. 30 ದಾಟಿದರೆ ಥರ್ಮಲ್ ಪೇಸ್ಟ್ ಒಣಗಿದೆ ಎಂದರ್ಥ. ಅದನ್ನು ಬದಲಿಸಬಹುದು, ಆ ಕಾರಣಕ್ಕೆ ಬೆಲೆ ಇಳಿಸಿ ಕೇಳಬಹುದು. ಎಲ್ಲ ಡಿಸ್‌ಪ್ಲೇ ಪೋರ್ಟ್‌ಗೂ ಒಂದೊಂದು ಸಲ ಮಾನಿಟರ್ ಚುಚ್ಚಿ ನೋಡಿ. ಸ್ಕ್ರೂ ತಲೆಗಳು ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ, ಯಾಕೆಂದು ಕೇಳಿ.

ಎಸ್‌ಎಂಪಿಎಸ್ ಮತ್ತು ಎಸ್‌ಎಸ್‌ಡಿ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡ, ಅವುಗಳ ಸವೆತ ಹೊರಗೆ ಕಾಣುವುದಿಲ್ಲ.

ಸ್ಕ್ರೂಡ್ರೈವರ್:

ಜೋಡಿಸೋ ವಿಷಯ ನಾನು ಹೇಳ್ತೀನಿ.

ಬೋರ್ಡ್ ತಗೊಳ್ಳುವಾಗಲೇ 5600ಗೆ ಬೇಕಾದ ಬಯಾಸ್ (ಬೋರ್ಡ್‌ನೊಳಗಿನ ಮೂಲ ಸಾಫ್ಟ್‌ವೇರ್) ಇದೆಯಾ ಕೇಳಿ. ಎ520 ಬಂದಿದ್ದು 2020ರಲ್ಲಿ, ಈ ಪ್ರೊಸೆಸರ್ 2022ರಲ್ಲಿ. ಹಳೆ ಸ್ಟಾಕ್ ಬೋರ್ಡ್ ಆದರೆ ಫ್ಯಾನ್ ತಿರುಗುತ್ತೆ, ಚಿತ್ರ ಬರಲ್ಲ. ಪ್ರೊಸೆಸರ್ ಇಲ್ಲದೇ ಪೆನ್‌ಡ್ರೈವ್‌ನಿಂದ ಬಯಾಸ್ ಹಾಕೋ ಫ್ಲ್ಯಾಶ್‌ಬ್ಯಾಕ್ ಬಟನ್ ಕೆಲವು ಬೋರ್ಡ್‌ಗಳಲ್ಲಿರುತ್ತೆ. ನಿಮ್ಮದರಲ್ಲಿ ಇಲ್ಲದಿದ್ದರೆ ಅಂಗಡಿಯಲ್ಲೇ ಅಪ್‌ಡೇಟ್ ಮಾಡಿಸಿಕೊಳ್ಳಿ.

ಬೋರ್ಡನ್ನ ಕ್ಯಾಬಿನೆಟ್‌ಗೆ ಹಾಕೋ ಮೊದಲು ಅದರ ರಟ್ಟಿನ ಡಬ್ಬದ ಮೇಲಿಟ್ಟು ಪ್ರೊಸೆಸರ್, ರ‍್ಯಾಮ್, ಎನ್‌ವಿಎಂಇ, ಕೂಲರ್ ಹಾಕಿ. ಪ್ರೊಸೆಸರ್ ಮೂಲೆಯ ಚಿನ್ನದ ತ್ರಿಕೋನ ಸಾಕೆಟ್‌ನ ತ್ರಿಕೋನಕ್ಕೆ ಸರಿಹೊಂದಬೇಕು. ಅದು ತನ್ನ ಭಾರಕ್ಕೇ ಕೂರುತ್ತೆ, ಬೆರಳಲ್ಲಿ ಒತ್ತಲೇಬೇಡಿ. ಜೊತೆಗೆ ಬರೋ ಸ್ಟೆಲ್ತ್ ಕೂಲರ್‌ಗೆ ಬೋರ್ಡ್ ಮೇಲಿನ ಎರಡು ಪ್ಲಾಸ್ಟಿಕ್ ಬ್ರ್ಯಾಕೆಟ್ ಬಿಚ್ಚಬೇಕು. ಬಿಚ್ಚುವಾಗ ಹಿಂದಿನ ಲೋಹದ ತಟ್ಟೆ ಕೆಳಗೆ ಬೀಳುತ್ತೆ, ಕೈಯಲ್ಲಿ ಹಿಡಿದಿರಿ. ಪೇಸ್ಟ್ ಕೂಲರ್‌ಗೇ ಹಚ್ಚಿರುತ್ತೆ, ಮೇಲೆ ಇನ್ನೊಮ್ಮೆ ಹಾಕಬೇಡಿ. ನಾಲ್ಕು ಸ್ಕ್ರೂಗಳನ್ನ ಎದುರುಬದುರು ಮೂಲೆಯಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಮುಂದೆ ಯಾವತ್ತಾದರೂ ಕೂಲರ್ ತೆಗೆಯೋದಾದರೆ ಇದು ನೆನಪಿರಲಿ. ನಿಮ್ಮ ಬೋರ್ಡ್‌ನ ಎಎಂ4 ಸಾಕೆಟ್‌ನಲ್ಲಿ ಪಿನ್ ಇರೋದು ಪ್ರೊಸೆಸರ್ ತಳದಲ್ಲಿ. ತಣ್ಣಗಿರುವಾಗ ಪೇಸ್ಟ್ ಅಂಟಿನ ಥರ ಹಿಡಿದಿರುತ್ತೆ, ಕೂಲರ್ ನೇರ ಮೇಲಕ್ಕೆ ಎಳೆದರೆ ಸಾಕೆಟ್ ಲಾಕ್ ಇದ್ದಂಗೇ ಪ್ರೊಸೆಸರ್ ಕಿತ್ತುಕೊಂಡು ಬಂದು ಪಿನ್ ಬಾಗುತ್ತೆ. ಹತ್ತು ನಿಮಿಷ ಪಿಸಿ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ವೈರ್ ತೆಗೆದು, ಸ್ಕ್ರೂ ಬಿಚ್ಚಿ, ಕೂಲರ್‌ನ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಜಾರೋಕೆ ಶುರುವಾದ ಮೇಲೆ ಎತ್ತಿ.

ಕ್ಯಾಬಿನೆಟ್‌ನಲ್ಲಿ ಹಿತ್ತಾಳೆ ಸ್ಟ್ಯಾಂಡ್‌ಆಫ್‌ಗಳನ್ನ (ಬೋರ್ಡ್ ಕೂರೋ ಪುಟ್ಟ ಕಂಬಗಳು) ಬೋರ್ಡ್‌ನ ರಂಧ್ರದ ಜೊತೆ ಒಂದೊಂದೇ ಹೋಲಿಸಿ ನೋಡಿ. ರಂಧ್ರ ಇಲ್ಲದ ಕಡೆ ಒಂದು ಉಳಿದಿದ್ದರೆ ಅದು ಬೋರ್ಡ್ ಹಿಂದಿನ ಬೆಸುಗೆಗೆ ತಾಗಿ ಶಾರ್ಟ್. ಐಒ ಶೀಲ್ಡ್ (ಹಿಂದಿನ ಪೋರ್ಟ್‌ಗಳ ಸುತ್ತ ಕೂರೋ ತಟ್ಟೆ) ಮೊದಲೇ ಕೂರಿಸಿ, ಮರೆತರೆ ಎಲ್ಲ ಬಿಚ್ಚಬೇಕು.

ಪ್ರೊಸೆಸರ್‌ನ ಪವರ್ ವೈರ್ 4+4, ಕಾರ್ಡ್‌ದು 6+2. ಎರಡೂ ಎಂಟು ಪಿನ್, ನೋಡೋಕೆ ಒಂದೇ ಥರ, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಜಾಗ ಅದಲುಬದಲು. ಹೋಗ್ತಿಲ್ಲ ಅಂದ್ರೆ ಬಲ ಹಾಕದೆ ವೈರ್ ಮೇಲಿನ ಹೆಸರು ಓದಿ. ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಬೇರೆ ಯೂನಿಟ್‌ನ ವೈರ್ ಬಳಸಬೇಡಿ.

ಆನ್ ಮಾಡಿದಾಗ ಚಿತ್ರ ಬರಲಿಲ್ಲ ಅಂದ್ರೆ ಮೊದಲು ಮಾನಿಟರ್ ಕೇಬಲ್ ನೋಡಿ. 5600 ಒಳಗೆ ಗ್ರಾಫಿಕ್ಸ್ ಇಲ್ಲ, ಬೋರ್ಡ್‌ನ ಎಚ್‌ಡಿಎಂಐಗೆ ಹಾಕಿದರೆ ಏನೂ ಬರಲ್ಲ, ಕಾರ್ಡ್‌ಗೇ ಹಾಕಬೇಕು. ಎರಡನೇದು ರ‍್ಯಾಮ್: ಟಕ್ ಅಂತ ಲಾಕ್ ಆಗೋವರೆಗೆ ಒತ್ತಿ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೇದು ಮತ್ತು ನಾಲ್ಕನೇದು. ಮೊದಲ ಬೂಟ್‌ನಲ್ಲಿ ಮೆಮೊರಿ ಟ್ರೇನಿಂಗ್‌ಗೆ ಒಂದೆರಡು ನಿಮಿಷ ಕಪ್ಪಾಗಿಯೇ ಇರಬಹುದು, ಗಾಬರಿಯಲ್ಲಿ ಪವರ್ ತೆಗೀಬೇಡಿ.

ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಡಿಒಸಿಪಿ (ರ‍್ಯಾಮ್‌ನ ಪೂರ್ತಿ ವೇಗದ ಸೆಟ್ಟಿಂಗ್) ಆನ್ ಮಾಡಿ, ಇಲ್ಲಾಂದ್ರೆ 3200 ರ‍್ಯಾಮ್ 2400 ಅಥವಾ 2666ರಲ್ಲೇ ಓಡ್ತಿರುತ್ತೆ. ಎಫ್‌ಟಿಪಿಎಂ (ಪ್ರೊಸೆಸರ್ ಒಳಗಿನ ಭದ್ರತಾ ವ್ಯವಸ್ಥೆ) ಆನ್, ಸಿಎಸ್‌ಎಂ (ಹಳೆ ಥರದ ಬೂಟ್) ಆಫ್, ಸೆಕ್ಯೂರ್ ಬೂಟ್ ಆನ್. ಇದನ್ನ ವಿಂಡೋಸ್ 11 ಹಾಕೋ ಮೊದಲೇ ಮಾಡಿ, ಆಗ ಡಿಸ್ಕ್ ತಾನಾಗಿ ಜಿಪಿಟಿ (ಹೊಸ ಥರದ ಡಿಸ್ಕ್ ವಿಂಗಡಣೆ) ಆಗುತ್ತೆ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಟಿಪಿಎಂ, ಸೆಕ್ಯೂರ್ ಬೂಟ್ ಎರಡನ್ನೂ ಕೇಳುತ್ತೆ, ಇಲ್ಲದಿದ್ದರೆ ತೆರೆಯೋದೇ ಇಲ್ಲ. ಕೊನೆಗೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 75 ಹರ್ಟ್ಸ್ ಆರಿಸಿ, ವಿಂಡೋಸ್ ಎಷ್ಟೋ ಸಲ 60ಕ್ಕೇ ಬಿಟ್ಟಿರುತ್ತೆ.

ಮೊದಲಬಿಲ್ಡ್:

ಇದನ್ನ ಪ್ರಿಂಟ್ ತೆಗೆದು ಪಕ್ಕದಲ್ಲಿಟ್ಟುಕೊಂಡೇ ಜೋಡಿಸ್ತೀನಿ. ಒಂದೇ ಅನುಮಾನ: ಕಾರ್ಡ್ ಪೂರ್ತಿ ವೇಗದಲ್ಲಿ ಓಡ್ತಿದೆ ಅಂತ ಖಚಿತ ಮಾಡ್ಕೊಳ್ಳೋದು ಹೇಗೆ?

ಫ್ರೇಮ್‌ಲೆಕ್ಕ:

ಜಿಪಿಯು-ಝಡ್‌ನಲ್ಲಿ ಬಸ್ ಇಂಟರ್‌ಫೇಸ್ ಸಾಲು ನೋಡಿ. ಸುಮ್ಮನೆ ಡೆಸ್ಕ್‌ಟಾಪ್‌ನಲ್ಲಿದ್ದಾಗ ಅಲ್ಲಿ 1.1 ಅಂತ ತೋರಿಸಬಹುದು, ಅದು ವಿದ್ಯುತ್ ಉಳಿಸಲು ಇಳಿದಿರುವುದು. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಶುರು ಮಾಡಿದಾಗ, @ ಗುರುತಿನ ನಂತರ ಎಕ್ಸ್8 3.0 ಬರಬೇಕು. ಎ520 ಮೇಲೆ 6600ಗೆ ಅದೇ ಪೂರ್ತಿ ವೇಗ. ಎಕ್ಸ್4 ಅಂತ ಬಂದರೆ ಕಾರ್ಡ್ ಸ್ಲಾಟ್‌ನಲ್ಲಿ ಓರೆಯಾಗಿ ಕೂತಿರಬಹುದು ಅಥವಾ ಕೆಳಗಿನ ಸ್ಲಾಟ್‌ಗೆ ಹಾಕಿರಬಹುದು. ಪವರ್ ತೆಗೆದು, ಪ್ರೊಸೆಸರ್‌ಗೆ ಹತ್ತಿರದ ಮೇಲಿನ ಉದ್ದ ಸ್ಲಾಟ್‌ನಲ್ಲಿ ತುದಿಯ ಲಾಕ್ ಬೀಳುವಂತೆ ಮತ್ತೆ ಕೂರಿಸಿ.