ಪುಟ್ಟಿ, ಆ ಫಾರ್ಮಿಗೆ ಸಹಿ ಹಾಕುವ ಮುಂಚೆ

ಪುಟ್ಟಿ, ನಿನ್ನ ಮೆಸೇಜನ್ನು ಎರಡು ಸಲ ಕೇಳಿದೆ. ಟೈಪ್ ಮಾಡಿದರೆ ಮುಗಿಯೋದಿಲ್ಲ, ಅದಕ್ಕೆ ಮಾತಾಡಿಯೇ ಹೇಳುತ್ತೇನೆ. ಅಮೆರಿಕದ ಒಹಾಯೋದಲ್ಲಿ ನಿಮ್ಮ ಸರ್ಕಾರಿ ಶಾಲೆಯಿಂದ ಮಗನ ಬ್ಯಾಗಲ್ಲಿ ಫಾರ್ಮ್ ಬಂದಿದೆ. ವಾರಕ್ಕೊಮ್ಮೆ, ಶಾಲೆ ನಡೆಯುವ ಹೊತ್ತಿನಲ್ಲೇ, ಮಕ್ಕಳನ್ನು ಬಸ್ಸಲ್ಲಿ ಬೈಬಲ್ ಕ್ಲಾಸಿಗೆ ಕರೆದುಕೊಂಡು ಹೋಗುತ್ತಾರೆ. ಇದು ಕಾನೂನಿಗೆ ಸರಿಯಾ ಅಂತ ನೀನು ಕೇಳಿದೆ. ದೊಡ್ಡಣ್ಣ, ದೇವರ ಮಾತು ತಾನೆ, ಸಹಿ ಹಾಕು ಅಂದ. ಭಾವ, ಶಾಲೆಯಲ್ಲೇ ಭಗವದ್ಗೀತೆ ಕ್ಲಾಸೂ ಬೇಕು ಅಂತ ಕೇಳು ಅಂದರು.

ಕಾನೂನಿಗೆ ಸರಿ ಪುಟ್ಟಿ. ಆದರೆ ಹೇಗೆ ಸರಿಯಾಯಿತು ಅನ್ನೋದು ನಿನಗೆ ಗೊತ್ತಿರಬೇಕು.

ಇಲಿನಾಯ್ಸ್‌ನ ಶಾಂಪೇನ್ ಊರಿನಲ್ಲಿ 1940ರಿಂದ ಇಂಥ ಕ್ಲಾಸು ಶಾಲೆಯ ಕೋಣೆಯಲ್ಲೇ ನಡೆಯುತ್ತಿತ್ತು. ಅಲ್ಲೂ ಅಪ್ಪ ಅಮ್ಮನ ಒಪ್ಪಿಗೆ ಚೀಟಿ ಇತ್ತು. ವಾಶ್ಟಿ ಮೆಕಾಲಮ್ ಅನ್ನೋ ತಾಯಿ ಮಗನನ್ನು ಸ್ವಲ್ಪ ದಿನ ಕಳಿಸಿ ಆಮೇಲೆ ನಿಲ್ಲಿಸಿದಳು. ಹುಡುಗನನ್ನು ಒಬ್ಬನನ್ನೇ ಹೊರಗೆ ಕೂರಿಸುತ್ತಿದ್ದರು, ಏನೋ ತಪ್ಪು ಮಾಡಿದವನ ಹಾಗೆ. ಹತ್ತು ವರ್ಷದ ಮಗು, ಪುಟ್ಟಿ. ನನಗೆ ಆ ಕೇಸಿನಲ್ಲಿ ಮನಸ್ಸಿಗೆ ನಾಟಿದ್ದು ಅದೇ. ಆ ತಾಯಿ ಕೋರ್ಟಿಗೆ ಹೋದಳು, ಊರಿನವರ ಬೈಗುಳ ತಿಂದಳು, ಕೆಳಗಿನ ಕೋರ್ಟುಗಳಲ್ಲಿ ಸೋತಳು. ಕೊನೆಗೆ 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜುಗಳಲ್ಲಿ ಎಂಟು ಜನ ಅವಳ ಪರ ನಿಂತರು. ಸರ್ಕಾರಿ ಶಾಲೆಯ ಕಟ್ಟಡದಲ್ಲಿ ಧರ್ಮದ ಪಾಠ ಕೂಡದು ಅಂದರು. ನಾಲ್ಕೇ ವರ್ಷಕ್ಕೆ, 1952ರಲ್ಲಿ, ನ್ಯೂಯಾರ್ಕಿನ ಕೇಸಿನಲ್ಲಿ ಅದೇ ಕೋರ್ಟು ಶಾಲೆಯ ಹೊರಗೆ, ಸರ್ಕಾರದ ದುಡ್ಡಿಲ್ಲದೆ ನಡೆಸಿದರೆ ಆಗಬಹುದು ಅಂತ ಹೇಳಿತು. ನಿಮ್ಮ ಬಸ್ಸು ಹೊರಡೋದು ಆ ತೀರ್ಪಿನ ಬಲದ ಮೇಲೆ. ಒಹಾಯೋದಲ್ಲಿ ಈಗ ಲಿಖಿತ ಒಪ್ಪಿಗೆ ಇಲ್ಲದೆ ಮಗುವನ್ನು ಕರೆದೊಯ್ಯುವಂತಿಲ್ಲ, ಮುಖ್ಯ ಪಾಠಗಳನ್ನು ತಪ್ಪಿಸುವಂತಿಲ್ಲ.

ದೊಡ್ಡಣ್ಣ, ಇದರಲ್ಲಿ ದೇವರ ಮೇಲೆ ಸಿಟ್ಟು ಏನೂ ಇಲ್ಲ. ಧರ್ಮಕ್ಕೂ ಸರ್ಕಾರಕ್ಕೂ ಮಧ್ಯೆ ಗೋಡೆ ಅನ್ನೋ ಮಾತನ್ನು ಆಗಿನ ಅಮೆರಿಕದ ಅಧ್ಯಕ್ಷ ಜೆಫರ್ಸನ್ 1802ರಲ್ಲಿ ಬರೆದದ್ದು ಕನೆಕ್ಟಿಕಟ್ ರಾಜ್ಯದ ಬ್ಯಾಪ್ಟಿಸ್ಟ್ ಅನ್ನೋ ಕ್ರೈಸ್ತ ಪಂಗಡದವರಿಗೆ. ಅವರೂ ದೈವಭಕ್ತರೇ. ಅಲ್ಲಿ ಸರ್ಕಾರದ ಆಸರೆ ಇದ್ದದ್ದು ಬೇರೆ ಚರ್ಚಿಗೆ, ಅದಕ್ಕೇ ಅವರಿಗೆ ಆತಂಕ.

ಭಾವ, ನೀವು ಹೇಳಿದ್ದನ್ನೂ ಯೋಚನೆ ಮಾಡಿದೆ. ಶಾಲೆಯ ಒಳಗೆ ಗೀತೆ ಬಂದರೆ ಬೇರೆ ಯಾರದೋ ಮಗು ಹೊರಗೆ ಕೂರಬೇಕಾಗುತ್ತೆ, ಅಲ್ವಾ? ನಮ್ಮ ಸಂವಿಧಾನದ 28ನೇ ವಿಧಿಯೂ ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯುವ ಶಾಲೆಯಲ್ಲಿ ಧರ್ಮದ ಬೋಧನೆ ಕೂಡದು ಅಂತಲೇ ಹೇಳುತ್ತೆ. ಅನುದಾನಿತ ಶಾಲೆಯಲ್ಲಿ ಮಕ್ಕಳ ತಂದೆ ತಾಯಿ ಒಪ್ಪಿದರೆ ಮಾತ್ರ.

ನಾನು ಶಿವಮೊಗ್ಗದಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಕ್ಯಾಥೊಲಿಕ್ ಮಕ್ಕಳು ಕ್ಯಾಟಕಿಸಮ್ಮಿಗೆ, ಅಂದರೆ ಅವರ ಧರ್ಮದ ಪಾಠಕ್ಕೆ, ಎದ್ದು ಹೋಗುತ್ತಿದ್ದರು, ಉಳಿದ ನಮಗೆ ಮಾರಲ್ ಸೈನ್ಸ್. ಅರ್ಧಕ್ಕಿಂತ ಜಾಸ್ತಿ ಕ್ಲಾಸು ಅಲ್ಲೇ ಇರುತ್ತಿತ್ತು, ಪಾಠವೂ ನಡೆಯುತ್ತಿತ್ತು. ಬೇಜಾರು ಅನ್ನಿಸಿದ್ದೇ ಇಲ್ಲ. ನಿನ್ನ ಮಗನ ಕ್ಲಾಸಿನಲ್ಲಿ ಇಪ್ಪತ್ತರಲ್ಲಿ ಹದಿನೇಳು ಮಕ್ಕಳು ಎದ್ದು ಹೋದರೆ ಉಳಿದ ಮೂವರ ಕತೆಯೇ ಬೇರೆ.

ಅದಕ್ಕೆ ನನ್ನ ಮಾತು ಇಷ್ಟು. ಅವನು ಒಬ್ಬನೇ ಆಗುತ್ತಾನಲ್ಲ ಅನ್ನೋ ಹೆದರಿಕೆಗೆ ಸಹಿ ಹಾಕಬೇಡ. ಮನಸ್ಸಿಗೆ ನಿಜವಾಗಿ ಒಪ್ಪಿದರೆ ಹಾಕು, ನಾನು ಬೇಡ ಅನ್ನೋದಿಲ್ಲ. ನಾಳೆ ಟೀಚರ್ ಹತ್ತಿರ ಮೂರು ಮಾತು ಕೇಳು. ಹೋಗದ ಮಕ್ಕಳು ಆ ಹೊತ್ತಿನಲ್ಲಿ ಎಲ್ಲಿರುತ್ತಾರೆ? ಅವರಿಗೆ ಯಾರು ಏನು ಕಲಿಸುತ್ತಾರೆ? ವಾಪಸ್ ಬಂದವರು ತಂದ ಮಿಠಾಯಿ ಗಿಠಾಯಿ ಕ್ಲಾಸಲ್ಲಿ ಹಂಚುತ್ತಾರಾ? ಉತ್ತರ ಏನು ಬಂತು ಅಂತ ಸಂಜೆ ಫೋನ್ ಮಾಡಿ ಹೇಳು, ನಾನು ಎದ್ದೇ ಇರುತ್ತೇನೆ.