‘ಕೀಲಿ’ ಎಂದರೆ ಬೀಗವೋ ಬೀಗದ ಕೈಯೋ? ಇಮೇಲ್ ಸುರಕ್ಷತೆಯ ಕರಪತ್ರಕ್ಕೆ ಪದಗಳು

ಪ್ರಶ್ನೆ: ಇಮೇಲ್ ಹ್ಯಾಕ್ ಆದಾಗ ಏನು ಮಾಡಬೇಕೆಂಬ ಕರಪತ್ರವನ್ನು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಓದುಗರಿಗಾಗಿ ಸಿದ್ಧಮಾಡುತ್ತಿದ್ದೇವೆ. ಕರಡಿನಲ್ಲಿ ‘ನಿಮ್ಮ ಕೀಲಿಯನ್ನು ಯಾರಿಗೂ ಕೊಡಬೇಡಿ’, ‘ಚೇತರಿಕೆ ಇಮೇಲ್ ನೋಡಿಕೊಳ್ಳಿ’, ‘ಖಾತೆಗೆ ಕನ್ನ ಬಿದ್ದರೆ’ ಎಂಬ ಮಾತುಗಳಿವೆ. ಸರಿಯೆ? ಬಲ್ಲವರು ತಿಳಿಸಬೇಕು.

ಉತ್ತರ: ಮಾನ್ಯರೆ, ಮೊದಲನೆಯದನ್ನು ಖಂಡಿತ ಬದಲಿಸಿ. ಬೆಂಗಳೂರು, ಮೈಸೂರು ಕಡೆ ಕೀಲಿ ಎಂದರೆ ಬೀಗ ತೆರೆಯುವ ಸಾಧನ. ನಮ್ಮ ಉತ್ತರ ಕರ್ನಾಟಕದಲ್ಲಿ ಅದೇ ಬೀಗ. ‘ಕೀಲಿ ಹಾಕಿ ಬಂದೀರೇನ್ರಿ?’ ಎಂದು ಕೇಳುತ್ತೇವೆ; ತೆರೆಯಲು ಕೀಲಿಕೈ ಬೇಕು, ಬೆಳಗಾವಿಯಲ್ಲಾದರೆ ಚಾವಿ. ಮರಾಠಿಯ ‘ಕಿಲ್ಲಿ’ ಮತ್ತೆ ತೆರೆಯುವ ಸಾಧನವೇ, ಬೀಗ ಅಲ್ಲಿ ‘ಕುಲೂಪ’. ಎರಡೂ ಭಾಷೆ ಆಡುವ ಮನೆಯಲ್ಲಿ ಬರೀ ‘ಕೀಲಿ’ ಎಂದು ಬರೆದರೆ ಒಬ್ಬೊಬ್ಬರು ಒಂದೊಂದು ತಿಳಿಯುತ್ತಾರೆ. ಕೀಲಿಮಣೆ, ಕೀಲಿಪದ ರೂಢಿಯಾಗಿವೆ, ಇರಲಿ. ಕರಪತ್ರದಲ್ಲಿ ಮಾತ್ರ ‘ಕೀಲಿಕೈ’ ಎಂದು ಪೂರ್ತಿ ಬರೆಯಿರಿ. ಯುಎಸ್‌ಬಿಗೆ ಸಿಕ್ಕಿಸುವ ಸೆಕ್ಯುರಿಟಿ ಕೀ ‘ಭದ್ರತಾ ಕೀಲಿಕೈ’ ಆಗಲಿ. ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿರುವ ಪದ, ಅದನ್ನು ಮುಟ್ಟಬೇಡಿ.

‘ಚೇತರಿಕೆ’ ಜ್ವರ ಬಿಟ್ಟವರಿಗೆ ಸಲ್ಲುವ ಮಾತು. ಖಾತೆಯನ್ನು ನಾವು ಮರಳಿ ಪಡೆಯುತ್ತೇವೆ. ಆದ್ದರಿಂದ ‘ಖಾತೆ ಮರಳಿ ಪಡೆಯಲು ಕೊಟ್ಟ ಇಮೇಲ್’. ಉದ್ದವಾದರೂ ಅರ್ಥ ತಪ್ಪುವುದಿಲ್ಲ. ಪಕ್ಕದಲ್ಲೇ ‘ರಿಕವರಿ ಇಮೇಲ್’ ಎಂದೂ ಹಾಕಿ, ಎಷ್ಟೋ ಜನರ ಪರದೆಯ ಮೇಲೆ ಕಾಣುವುದು ಆ ಹೆಸರೇ. ಇಲ್ಲಿ ಒಂದು ಅವಧಿಯನ್ನು ತಪ್ಪದೆ ಸೇರಿಸಿ: ಕಳ್ಳರು ರಿಕವರಿ ಫೋನ್ ಅಥವಾ ಇಮೇಲ್ ಬದಲಿಸಿದ್ದರೂ ಗೂಗಲ್ ಖಾತೆಯಲ್ಲಿ 7 ದಿನಗಳವರೆಗೆ ಹಳೆಯದಕ್ಕೇ ಕೋಡ್ ತರಿಸಿಕೊಳ್ಳುವ ಅವಕಾಶ ಸಿಗಬಹುದು. ದಿನವೂ ಬಳಸುವ ಫೋನಿನಿಂದ, ದಿನವೂ ಇರುವ ಜಾಗದಿಂದಲೇ ಪ್ರಯತ್ನಿಸಬೇಕು. ಗಾಬರಿಯಲ್ಲಿ ಪರಿಚಯವಿಲ್ಲದ ಕಂಪ್ಯೂಟರಿನಿಂದ ಯತ್ನಿಸಿದರೆ ಗೂಗಲ್ ನಿಮ್ಮನ್ನೇ ಅನುಮಾನಿಸುತ್ತದೆ.

‘ಕನ್ನ’ ಚಂದದ ಪದ, ಆದರೆ ಗೋಡೆ ಕೊರೆದು ನುಗ್ಗುವ ಚಿತ್ರ ಕೊಡುತ್ತದೆ. ಖಾತೆಗಳು ಹೆಚ್ಚಾಗಿ ಕೈತಪ್ಪುವ ದಾರಿಯೇ ಬೇರೆ. ನಕಲಿ ಲಾಗಿನ್ ಪುಟದಲ್ಲಿ ಪಾಸ್‌ವರ್ಡ್ ಹಾಕಿರುತ್ತಾರೆ, ಫೋನಿನಲ್ಲಿ ಓಟಿಪಿ ಹೇಳಿರುತ್ತಾರೆ, ಇಲ್ಲವೆ ಹತ್ತು ಕಡೆ ಒಂದೇ ಪಾಸ್‌ವರ್ಡ್ ಇಟ್ಟು, ಅದು ಒಂದು ಕಡೆ ಸೋರಿರುತ್ತದೆ. ಕನ್ನ ಎಂದರೆ ಓದುಗ ತನ್ನ ಕೈಯಲ್ಲಿ ಏನೂ ಇರಲಿಲ್ಲ ಎಂದುಕೊಳ್ಳುತ್ತಾನೆ. ತಲೆಬರಹದಲ್ಲಿ ‘ಹ್ಯಾಕ್’ ಇರಲಿ, ಒಳಗೆ ‘ಖಾತೆ ಕೈತಪ್ಪಿದರೆ’ ಎನ್ನಿ.

ನಿಮ್ಮ ಪಟ್ಟಿಯಲ್ಲಿಲ್ಲದ, ಆದರೆ ಬೇಕೇಬೇಕಾದ ಪದವೊಂದಿದೆ: ಹಿತ್ತಲ ಬಾಗಿಲು. ಪಾಸ್‌ವರ್ಡ್ ಬದಲಿಸಿದರೆ ಮುಂಬಾಗಿಲಿಗೆ ಹೊಸ ಕೀಲಿ ಬಿತ್ತು. ಅಷ್ಟರಲ್ಲಿ ಕಳ್ಳರು ನಿಮ್ಮ ಪತ್ರಗಳೆಲ್ಲ ತಮಗೂ ತಲುಪುವಂತೆ ಫಾರ್ವರ್ಡಿಂಗ್ ಹಾಕಿರಬಹುದು, ಅಥವಾ ಬ್ಯಾಂಕಿನ ಪತ್ರಗಳು ಬಂದೊಡನೆ ಅಳಿಯುವಂತೆ ಫಿಲ್ಟರ್ ಬರೆದಿರಬಹುದು. ಜಿಮೇಲ್‌ನಲ್ಲಿ ಇವನ್ನು ಕಂಪ್ಯೂಟರಿನಲ್ಲಿ ತೆರೆದೇ ಸರಿಪಡಿಸಬೇಕು. ಮೊಬೈಲ್ ಆ್ಯಪ್ ನೋಡಿ ‘ಎಲ್ಲ ಸರಿ ಇದೆ’ ಎಂದುಕೊಂಡವರು ಮೋಸಹೋಗುವುದು ಇಲ್ಲೇ. ಅನುಮತಿ ಪಡೆದ ಹೊರಗಿನ ಆ್ಯಪ್‌ಗಳನ್ನೂ, ಗುರುತಿಲ್ಲದ ಸಾಧನಗಳನ್ನೂ ತೆಗೆದುಹಾಕಿ.

ಪಾಸ್‌ವರ್ಡ್ ಹಾಕಿದ ಮೇಲೂ ಇನ್ನೊಂದು ಗುರುತು ಕೇಳುವುದಕ್ಕೆ ‘ಎರಡು ಹಂತದ ಪರಿಶೀಲನೆ’ ಎಂದರೆ ತಪ್ಪಲ್ಲ. ವಿವರಣೆಗೆ ‘ಒಂದೇ ಬಾಗಿಲಿಗೆ ಎರಡು ಬೀಗ’ ಎಂದರೆ ನಮ್ಮವರಿಗೆ ತಟ್ಟನೆ ಹೊಳೆಯುತ್ತದೆ. ಫೋನ್ ಕೈಯಲ್ಲಿಲ್ಲದಾಗ ಬಳಸುವ ಬ್ಯಾಕಪ್ ಕೋಡ್‌ಗೆ ‘ಮೀಸಲು ಕೋಡ್’ ಎನ್ನಬಹುದು. ಗೂಗಲ್ ಕೊಡುವುದು 10, ಒಂದೊಂದೂ 8 ಅಂಕಿಯದು, ಒಂದು ಸಲ ಬಳಸಿದ್ದು ಮತ್ತೆ ನಡೆಯುವುದಿಲ್ಲ. ಕಾಗದದಲ್ಲಿ ಬರೆದು ತಿಜೋರಿಯಲ್ಲಿಡಲು ಹೇಳಿ; ಅದೇ ಇಮೇಲ್‌ನಲ್ಲಿಟ್ಟರೆ ಮನೆಯೊಳಗೆ ಕೀಲಿಕೈ ಬಿಟ್ಟು ಹೊರಗಿನಿಂದ ಕೀಲಿ ಹಾಕಿದಂತೆ.

ಹಣವೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ಸಂಖ್ಯೆ ಕರಪತ್ರದ ತುದಿಯಲ್ಲಿ ಬೇಡ, ತಲೆಬರಹದ ಕೆಳಗೇ ದಪ್ಪ ಅಕ್ಷರದಲ್ಲಿರಲಿ.