ರೆಮಿಂಗ್ಟನ್ ಕೋವಿ ಕಂಪನಿ ಮುಳುಗಿದ್ದು ಯಾಕೆ?

ಕಾಫಿತೋಟದ ಪೂವಯ್ಯ

ಪೆನ್ಸಿಲ್ವೇನಿಯಾದಲ್ಲಿರುವ ನಮ್ಮ ಚಿಕ್ಕಪ್ಪ ಮೊನ್ನೆ ಫೋನ್ ಮಾಡಿದ್ದರು. ಮಾತು ಅವರ ಹಳೇ ರೆಮಿಂಗ್ಟನ್ ರೈಫಲ್ ಕಡೆ ತಿರುಗಿತು. ಅದನ್ನು ಮಾಡಿದ ಫ್ಯಾಕ್ಟರಿಯೇ ಈಗ ಇಲ್ಲ ಅಂದರು. ಅವತ್ತಿನಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1816ರಲ್ಲಿ ಎಲಿಫಲೆಟ್ ರೆಮಿಂಗ್ಟನ್ ಎಂಬ ಹುಡುಗ ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರಲ್ಲಿ, ತಂದೆಯ ಕುಲುಮೆಯಲ್ಲಿ ಕೋವಿಯ ನಳಿಗೆ ಮಾಡಿದ. 1828ರ ಹೊತ್ತಿಗೆ ಕೆಲಸ ಎರಿ ಕಾಲುವೆಯ ಪಕ್ಕಕ್ಕೆ ಬಂತು. ಅದೇ ಇಲಿಯನ್ ಊರು. ಅಲ್ಲಿಂದ ಮುಂದೆ ಸುಮಾರು 200 ವರ್ಷ ಅಲ್ಲೇ ಕೋವಿ ತಯಾರಾಯಿತು. 1950ರಲ್ಲಿ ಬಂದ ಮಾಡೆಲ್ 870 ಅನ್ನೋ ಶಾಟ್‌ಗನ್ ಒಂದರ ಮಾರಾಟವೇ ಒಂದು ಕೋಟಿ ದಾಟಿದೆ. ಅಂಥ ಕಂಪನಿ 2018ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಎದ್ದು ನಿಂತು ಎರಡು ವರ್ಷ ಆಗುವಷ್ಟರಲ್ಲಿ, 2020ರ ಜುಲೈನಲ್ಲಿ ಮತ್ತೆ ದಿವಾಳಿ. ಈ ಸಲ ಏಳು ಜನ ಕೊಳ್ಳುವವರು ಅದನ್ನು ಚೂರು ಚೂರಾಗಿ ಹಂಚಿಕೊಂಡರು. 2024ರ ಮಾರ್ಚ್‌ನಲ್ಲಿ ಇಲಿಯನ್ ಫ್ಯಾಕ್ಟರಿಯ ಬಾಗಿಲೂ ಮುಚ್ಚಿತು.

ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ನಾವು ಕೋವಿಗಳನ್ನು ಒರೆಸಿ, ಸಾಲಾಗಿ ಇಟ್ಟು, ನಳಿಗೆಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತೇವೆ. ನಮ್ಮ ಮನೆಯ ಜೋಡು ನಳಿಗೆ ಕೋವಿ ಅಜ್ಜನ ಕಾಲದ್ದು. ಮೂರು ತಲೆಮಾರು ಬಾಳುವ ವಸ್ತು ಮಾಡುವವರು ಹೀಗೆ ಮುಳುಗಿದ್ದು ಹೇಗೆ? ನನಗನ್ನಿಸುವುದು, ಮಾಲು ಕೆಟ್ಟಿತು. 870ರಲ್ಲೇ ಹಳೇ ವಿಂಗ್‌ಮಾಸ್ಟರ್‌ಗೆ ಬೇಟೆಗಾರರು ಕೈ ಮುಗಿಯುತ್ತಾರೆ. ಆಮೇಲೆ ಅಗ್ಗಕ್ಕೆ ಅಂತ ಬಂದ ಎಕ್ಸ್‌ಪ್ರೆಸ್ ಬಗ್ಗೆ, ಬೇಗ ತುಕ್ಕು ಹಿಡಿಯುತ್ತೆ, ಒಳಗೆ ನುಣುಪಿಲ್ಲ, ಹೊಡೆದ ತೋಟಾ ಒಳಗೇ ಕಚ್ಚಿಕೊಳ್ಳುತ್ತೆ ಅನ್ನುವ ದೂರು ಬೇಕಾದಷ್ಟಿದೆ. ನೀವೆಲ್ಲ ಏನಂತೀರಿ?

ರಾಘು ಡೆನ್ವರ್

ಪೂವಯ್ಯನವರೇ, ನಾನು ಮಾರುಕಟ್ಟೆ ಕಡೆಯಿಂದ ಹೇಳುತ್ತೇನೆ. ಅಮೆರಿಕದಲ್ಲಿ ಬಂದೂಕು ಮಾರಾಟ ಭಯದ ಮೇಲೆ ನಿಂತಿದೆ. ಕಾನೂನು ಬಿಗಿಯಾಗುತ್ತೆ ಅಂದರೆ ಸಾಕು, ಜನ ಅಂಗಡಿ ಖಾಲಿ ಮಾಡುತ್ತಾರೆ. ಒಬಾಮಾ ಕಾಲದಲ್ಲಿ ಹಾಗೇ ಆಯಿತು. 2016ರಲ್ಲಿ ಹಿಲರಿ ಗೆಲ್ಲುತ್ತಾರೆ ಅಂತ ಎಲ್ಲರೂ ಮಾಲು ತುಂಬಿಸಿಕೊಂಡಿದ್ದರು. ಗೆದ್ದದ್ದು ಟ್ರಂಪ್. ಭಯ ಹೋಯಿತು, ಗಿರಾಕಿಯೂ ಹೋದ. ರೆಮಿಂಗ್ಟನ್ ವ್ಯಾಪಾರ 2013ರಲ್ಲಿ ಸುಮಾರು 127 ಕೋಟಿ ಡಾಲರ್ ಇತ್ತು. 2016ಕ್ಕೆ ಅದು 86.5 ಕೋಟಿ. ಆಮೇಲೆ ಇನ್ನೂ ಇಳಿಯಿತು. ಇಷ್ಟು ಬಿದ್ದರೆ ಯಾವ ಕಂಪನಿ ತಾನೇ ತಡೆಯುತ್ತೆ?

ಲೆಕ್ಕದ ಶೆಟ್ರು

ರಾಘು, ಅಂಕಿ ಸರಿ. ಆದರೆ ಅದೇ ಗಾಳಿ ಬೇರೆ ಕೋವಿ ಕಂಪನಿಗಳಾದ ರೂಗರ್‌ಗೂ ಬೀಸಿತು, ಸ್ಮಿತ್ ಅಂಡ್ ವೆಸ್ಸನ್‌ಗೂ ಬೀಸಿತು. ಅವರ ಮಾರಾಟವೂ ಇಳಿಯಿತು. ಅವರು ದಿವಾಳಿ ಆಗಲಿಲ್ಲ. ರೂಗರ್ ಸಾಲಕ್ಕೆ ಕೈ ಹಾಕದ ಕಂಪನಿ ಅಂತಲೇ ಹೆಸರು ಮಾಡಿದೆ. ವ್ಯತ್ಯಾಸ ಅಲ್ಲೇ ಇದೆ.

ಸೆರ್ಬೆರಸ್ ಅಂತ ನ್ಯೂಯಾರ್ಕಿನ ಒಂದು ಹೂಡಿಕೆ ಕಂಪನಿ. ಇವರು ಕಂಪನಿಗಳನ್ನು ಕೊಂಡು, ಜೋಡಿಸಿ, ಲಾಭಕ್ಕೆ ಮಾರುವವರು. 2006ರಲ್ಲಿ ಬುಷ್‌ಮಾಸ್ಟರ್ ಅನ್ನೋ ರೈಫಲ್ ಕಂಪನಿ ಕೊಂಡರು. 2007ರಲ್ಲಿ ರೆಮಿಂಗ್ಟನ್ ಕೊಂಡರು. ನಗದು ಕೊಟ್ಟದ್ದು 11.8 ಕೋಟಿ ಡಾಲರ್, ಜೊತೆಗೆ ಅದರ ಮೇಲಿದ್ದ ಸುಮಾರು 25 ಕೋಟಿ ಸಾಲ ಹೊತ್ತುಕೊಂಡರು. ಆಮೇಲೆ ಮಾರ್ಲಿನ್, ಡಿಪಿಎಂಎಸ್, ಹೀಗೆ ಒಂದರ ಹಿಂದೆ ಒಂದು ಕೋವಿ ಕಂಪನಿ ಕೊಂಡು ಎಲ್ಲಕ್ಕೂ ಫ್ರೀಡಂ ಗ್ರೂಪ್ ಅಂತ ಹೆಸರಿಟ್ಟರು.

2010ರಲ್ಲಿ ನಡೆದದ್ದನ್ನು ಗಮನಿಸಿ. ಮೇಲಿನ ಮಾತೃ ಕಂಪನಿ 22.5 ಕೋಟಿ ಡಾಲರ್ ಸಾಲ ಎತ್ತಿತು. ಬಡ್ಡಿಯನ್ನು ಕಟ್ಟದೆ ಅಸಲಿಗೇ ಸೇರಿಸುತ್ತಾ ಹೋಗಬಹುದಾದ ಸಾಲ ಅದು. ನಮ್ಮಲ್ಲಿ ಚಕ್ರಬಡ್ಡಿ ಅಂತೀವಲ್ಲ, ಅದೇ. ಆ ದುಡ್ಡಿನ ದೊಡ್ಡ ಪಾಲು ಹೊಸ ಯಂತ್ರಕ್ಕೆ ಹೋಗಲಿಲ್ಲ, ಮಾಲೀಕರ ಕೈಗೆ ಹೋಯಿತು. ಎರಡು ವರ್ಷದ ಮೇಲೆ ಆ ಹೊರೆ ಕೋವಿ ಮಾಡುವ ಕಂಪನಿಯ ಹೆಗಲಿಗೆ ಬಂತು. ಮನೆ ಕೊಂಡವನು ಮನೆ ಮೇಲೇ ಸಾಲ ಎತ್ತಿ, ದುಡ್ಡು ತಾನು ಇಟ್ಟುಕೊಂಡು, ಕಂತು ಮಾತ್ರ ಒಳಗಿರುವವರ ಕೈಲಿ ಕಟ್ಟಿಸಿದ ಹಾಗೆ. 2018ರಲ್ಲಿ ಕೋರ್ಟಿಗೆ ಹೋದಾಗ ಒಟ್ಟು ಸಾಲ ಸುಮಾರು 95 ಕೋಟಿ ಡಾಲರ್.

ವ್ಯಾಪಾರ ಅಂದ ಮೇಲೆ ಏರಿಳಿತ ಇದ್ದದ್ದೇ. ಇಳಿದ ವರ್ಷವನ್ನು ದಾಟೋಕೆ ಕೈಯಲ್ಲಿ ಒಂದಿಷ್ಟು ದುಡ್ಡು ಬೇಕು. ಅದನ್ನೇ ಇವರು ಮೊದಲೇ ತೆಗೆದುಬಿಟ್ಟಿದ್ದರು.

ಶಾಂತಲಾ ಮೈಸೂರು

ಇಷ್ಟು ಜನ ಮಾತಾಡಿದ್ದೀರಿ. ಸ್ಯಾಂಡಿ ಹುಕ್ ಹೆಸರನ್ನು ಒಬ್ಬರೂ ಎತ್ತಲಿಲ್ಲ. ನನಗೆ ಬೇಜಾರಾಯಿತು.

2012ರ ಡಿಸೆಂಬರ್ 14. ಕನೆಕ್ಟಿಕಟ್‌ನ ಒಂದು ಪ್ರಾಥಮಿಕ ಶಾಲೆ. 20 ಮಕ್ಕಳು, 6 ಜನ ಶಾಲೆಯ ಸಿಬ್ಬಂದಿ ಸತ್ತರು. ಮಕ್ಕಳೆಲ್ಲ ಆರೇಳು ವರ್ಷದವರು. ನಾನು 22 ವರ್ಷದಿಂದ ಒಂದನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೇನೆ. ಆ ವಯಸ್ಸಿನ ಮಕ್ಕಳ ಕೈ ಎಷ್ಟು ಚಿಕ್ಕದು ಅಂತ ನನಗೆ ಗೊತ್ತು. ಶೂ ಲೇಸ್ ಕಟ್ಟೋಕೂ ಬರಲ್ಲ ಅವಕ್ಕೆ. ಹಂತಕನ ಕೈಲಿದ್ದದ್ದು ಇದೇ ಗುಂಪಿನ ಬುಷ್‌ಮಾಸ್ಟರ್ ರೈಫಲ್. ಅದಕ್ಕೆ ಅವರು ಕೊಟ್ಟ ಜಾಹೀರಾತು ನೋಡಿ: ಇದನ್ನು ಕೊಂಡರೆ ನಿಮ್ಮ ಗಂಡಸುತನದ ಕಾರ್ಡ್ ಮತ್ತೆ ಕೈಗೆ ಬಂತು ಅಂತ ತಿಳಿಯಿರಿ, ಅನ್ನುವ ಅರ್ಥದ್ದು. ಬೇಟೆಗೆ, ಗುರಿ ಅಭ್ಯಾಸಕ್ಕೆ ಅಂತ ಮಾರುತ್ತಿದ್ದ ಮನೆತನ ಇಲ್ಲಿಗೆ ಬಂದು ನಿಂತಿತ್ತು. ಸತ್ತವರಲ್ಲಿ ಕೆಲವರ ಮನೆಯವರು 2014ರಲ್ಲಿ ಕೇಸು ಹಾಕಿದರು. ಕೊನೆಗೆ 7.3 ಕೋಟಿ ಡಾಲರ್ ಪರಿಹಾರ ಸಿಕ್ಕಿತು. ಕಂಪನಿ ಬೀಳೋಕೆ ಇದು ಕಾರಣ ಅಲ್ವಾ?

ಲೆಕ್ಕದ ಶೆಟ್ರು

ಮೇಡಂ, ನಿಮ್ಮ ನೋವು ನನಗೂ ಇದೆ. ಲೆಕ್ಕದ ಮಟ್ಟಿಗೆ ಒಂದು ಮಾತು. ಆ 7.3 ಕೋಟಿ ಒಪ್ಪಂದ ಆದದ್ದು 2022ರ ಫೆಬ್ರವರಿಯಲ್ಲಿ. ಅಷ್ಟೊತ್ತಿಗೆ ಹಳೇ ಕಂಪನಿ ಹಂಚಿಹೋಗಿತ್ತು. ಕೊಟ್ಟವರು ವಿಮಾ ಕಂಪನಿಗಳು. ಹಾಗಾಗಿ ಪರಿಹಾರದ ದುಡ್ಡಿನಿಂದ ಕಂಪನಿ ಬಿತ್ತು ಅನ್ನೋಕಾಗಲ್ಲ. ಘಟನೆಯ ಮರುವರ್ಷವೇ, ಕಾನೂನು ಬರುತ್ತೆ ಅನ್ನೋ ಭಯಕ್ಕೆ, ರಾಘು ಹೇಳಿದ ಆ 127 ಕೋಟಿ ವ್ಯಾಪಾರ ಆದದ್ದು.

ಶಾಂತಲಾ ಮೈಸೂರು

ಶೆಟ್ಟರೇ, ದಿನಾಂಕ ಒಪ್ಪುತ್ತೇನೆ. ಆದರೆ ಹೊಡೆತ ಬರೀ ಪರಿಹಾರದ ರೂಪದಲ್ಲಿ ಬರಲ್ಲ. ಘಟನೆ ಆಗಿ ನಾಲ್ಕೇ ದಿನಕ್ಕೆ ಸೆರ್ಬೆರಸ್, ಈ ಗುಂಪನ್ನು ಮಾರಿಬಿಡುತ್ತೇವೆ ಅಂತ ಘೋಷಿಸಿತು. ಯಾಕೆ? ಅವರ ಹತ್ತಿರ ದುಡ್ಡು ಹೂಡಿದ್ದವರಲ್ಲಿ ಕ್ಯಾಲಿಫೋರ್ನಿಯಾದ ಶಿಕ್ಷಕರ ಪಿಂಚಣಿ ನಿಧಿಯೂ ಇತ್ತು. ಟೀಚರುಗಳ ಪಿಂಚಣಿ ದುಡ್ಡು, ಟೀಚರುಗಳನ್ನೇ ಕೊಂದ ಬಂದೂಕಿನ ಕಂಪನಿಯಲ್ಲಿ! ಮಾರುತ್ತೇವೆ ಅಂದರೂ ಆ ಗುಂಪನ್ನು ಇಡಿಯಾಗಿ ಕೊಳ್ಳುವವರು ಯಾರೂ ಬರಲಿಲ್ಲ. ನಿಮ್ಮ ಆ 95 ಕೋಟಿ ಸಾಲ ಹೊತ್ತ ಕಂಪನಿಗೆ ಹೊಸ ದುಡ್ಡು ಹಾಕುವವರು ಯಾಕೆ ಸಿಗಲಿಲ್ಲ ಅಂತ ಯೋಚಿಸಿ. ಹೆಸರು ಕೆಟ್ಟಿತ್ತು. 2019ರ ಮಾರ್ಚ್‌ನಲ್ಲಿ ಕನೆಕ್ಟಿಕಟ್ ಸುಪ್ರೀಂ ಕೋರ್ಟ್, ಜಾಹೀರಾತಿನ ವಿಷಯದಲ್ಲಿ ಕೇಸು ನಡೆಯಲಿ ಅಂತ ಹೇಳಿದ ಮೇಲೆ ತಲೆ ಮೇಲೆ ಕತ್ತಿ ತೂಗುತ್ತಲೇ ಇತ್ತು.

ಲೆಕ್ಕದ ಶೆಟ್ರು

ಇದನ್ನು ಒಪ್ಪಿದೆ ಮೇಡಂ. ಸಾಲ ಕೊಡುವವರು ಅದನ್ನೆಲ್ಲ ಖಂಡಿತ ನೋಡುತ್ತಾರೆ. ನಾನು ಆ ಕಡೆಯಿಂದ ಯೋಚಿಸಿರಲಿಲ್ಲ.

ಪೀಣ್ಯ ಮಂಜಣ್ಣ

ನಾನು 34 ವರ್ಷ ಟೂಲ್‌ರೂಂನಲ್ಲಿ ಕೆಲಸ ಮಾಡಿದವನು. ಸಾಲ, ಷೇರು ನನಗೆ ತಿಳಿಯಲ್ಲ. ಮಾರ್ಲಿನ್ ಕಥೆ ಹೇಳುತ್ತೇನೆ, ಅದರಲ್ಲಿ ಎಲ್ಲಾ ಇದೆ.

ಮಾರ್ಲಿನ್ 1870ರಿಂದ ಇದ್ದ ಕಂಪನಿ. ಕೆಳಗಿನ ಲಿವರ್ ಎಳೆದು ತೋಟಾ ಏರಿಸುವ ರೈಫಲ್‌ಗಳಿಗೆ ಹೆಸರುವಾಸಿ. ರೆಮಿಂಗ್ಟನ್‌ನವರು ಅದನ್ನು ಕೊಂಡು, 2011ರಲ್ಲಿ ಕನೆಕ್ಟಿಕಟ್‌ನ ಫ್ಯಾಕ್ಟರಿ ಮುಚ್ಚಿ, ಯಂತ್ರಗಳನ್ನು ಲಾರಿಗೆ ಹಾಕಿ ಇಲಿಯನ್‌ಗೆ ತಂದರು. ಯಂತ್ರ ಬಂತು, ಅದನ್ನು ನಡೆಸುತ್ತಿದ್ದ ಜನ ಬರಲಿಲ್ಲ. ಆಮೇಲೆ ಬಂದ ರೈಫಲ್‌ಗಳಲ್ಲಿ ಗುರಿ ನೋಡುವ ಸೈಟ್ ಓರೆ. ಮರದ ಹಿಡಿಗೂ ಕಬ್ಬಿಣಕ್ಕೂ ನಡುವೆ ಸಂದು. ಜನ ಅದಕ್ಕೆ 'ರೆಮ್ಲಿನ್' ಅಂತ ಹೆಸರಿಟ್ಟರು.

ಇದು ಹೇಗಾಗುತ್ತೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ನಾನಿದ್ದ ಒಂದು ಕಾರ್ಖಾನೆಯಲ್ಲಿ ಹಳೇ ಮಿಲ್ಲಿಂಗ್ ಮೆಷಿನ್ ಇತ್ತು. ಡ್ರಾಯಿಂಗ್‌ನಲ್ಲಿ ಒಂದು ಅಳತೆ. ಡಯಲ್ ಮೇಲೆ ಹಳೇ ಆಪರೇಟರ್ ಹಾಕಿದ ಸೀಮೆಸುಣ್ಣದ ಗೆರೆ ಇನ್ನೊಂದು ಕಡೆ. ಆ ಗೆರೆಗೆ ನಿಲ್ಲಿಸಿದರೆ ಪೀಸ್ ಸರಿ ಬರುತ್ತಿತ್ತು, ಯಾಕಂದರೆ ಸ್ಕ್ರೂ ಸವೆದಿತ್ತು. ಆತ ರಿಟೈರ್ ಆದ. ಹೊಸ ಹುಡುಗ ಪಾಪ, ಬಟ್ಟೆ ತಗೊಂಡು ಡಯಲ್ ಒರೆಸಿದ. ಆ ವಾರ ಪೂರ್ತಿ ಮಾಲು ರಿಜೆಕ್ಟ್. ಇಡೀ ಫ್ಯಾಕ್ಟರಿ ಎತ್ತಿಕೊಂಡು ಹೋದರೆ ಅಂಥ ಎಷ್ಟು ಗೆರೆ ಅಳಿಸಿಹೋಗುತ್ತೆ, ಲೆಕ್ಕ ಹಾಕಿ.

2020ರಲ್ಲಿ ಅದೇ ಮಾರ್ಲಿನ್ ಅನ್ನು ರೂಗರ್ ಸುಮಾರು 2.8 ಕೋಟಿ ಡಾಲರ್‌ಗೆ ಕೊಂಡಿತು. ಅವಸರ ಮಾಡಲಿಲ್ಲ. ತಮ್ಮ ಫ್ಯಾಕ್ಟರಿಯಲ್ಲಿ ಹೊಸದಾಗಿ ಕೂರಿಸಿ, ಒಂದು ವರ್ಷ ಕಳೆದ ಮೇಲೆ ಮೊದಲ ರೈಫಲ್ ಹೊರಗೆ ಬಿಟ್ಟರು. ಜನ ಹುಡುಕಿಕೊಂಡು ಹೋಗಿ ಕೊಂಡರು. ಮಾರುಕಟ್ಟೆ ಇರಲಿಲ್ಲ ಅನ್ನೋ ರಾಘು ಅವರ ಮಾತು ನನಗೆ ಹಿಡಿಸಲಿಲ್ಲ.

ಮೋಹಾಕ್ ಕಣಿವೆಯ ವಾಣಿ

ನಾನು ಯೂಟಿಕಾ ಹತ್ತಿರ 18 ವರ್ಷದಿಂದ ಇದ್ದೇನೆ. ಇಲಿಯನ್ ನಮಗೆ ಅರ್ಧ ಗಂಟೆ ದಾರಿಯೂ ಇಲ್ಲ. ಸುಮಾರು 8 ಸಾವಿರ ಜನರ ಊರು. ಊರಿನ ನಡುವೆ ನಾಲ್ಕಂತಸ್ತಿನ ಕೆಂಪು ಇಟ್ಟಿಗೆಯ ಕಟ್ಟಡಗಳು, ಒಂದಕ್ಕೊಂದು ಅಂಟಿಕೊಂಡು. ಮನೆಗಳ ಸಾಲು ಫ್ಯಾಕ್ಟರಿ ಗೋಡೆಯವರೆಗೂ ಬರುತ್ತದೆ. ಅಜ್ಜ, ಅಪ್ಪ, ಮಗ ಮೂವರೂ ಅಲ್ಲೇ ದುಡಿದ ಮನೆಗಳು ಬೇಕಾದಷ್ಟು.

ಇನ್ನೊಂದು ವಿಷಯ. ನಮ್ಮೂರ ಟೈಪಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ನಾನು ಕಲಿತದ್ದು ರೆಮಿಂಗ್ಟನ್ ಮೆಷಿನ್ ಮೇಲೆ. ನಿಮ್ಮಲ್ಲೂ ಎಷ್ಟೋ ಜನ ಹಾಗೇ ಕಲಿತಿರಬೇಕು. ಆ ಹೆಸರು ಹುಟ್ಟಿದ್ದೂ ಇದೇ ಊರಿನಲ್ಲಿ. ಅಂತರ್ಯುದ್ಧ ಮುಗಿದ ಮೇಲೆ ಕೋವಿಗೆ ಬೇಡಿಕೆ ಬಿತ್ತು. ರೆಮಿಂಗ್ಟನ್ ಮಕ್ಕಳು ಹೊಲಿಗೆ ಯಂತ್ರ, ನೇಗಿಲು, ಟೈಪ್‌ರೈಟರ್ ಅಂತ ಎಲ್ಲಕ್ಕೂ ಕೈ ಹಾಕಿದರು. 1886ರಲ್ಲಿ ಟೈಪ್‌ರೈಟರ್ ಮಾರಿಯೂ ಉಳಿಯದೆ ಮುಳುಗಿದರು. ಅಂದರೆ ಇದು ಮೊದಲ ಮುಳುಗಡೆ ಅಲ್ಲ. ಆಗ ಕೊಂಡವರು ಫ್ಯಾಕ್ಟರಿಯನ್ನು ನಡೆಸಿದರು, ಅದಕ್ಕೇ ಊರು ಉಳಿಯಿತು.

ಸೆರ್ಬೆರಸ್‌ನವರು 2014ರಲ್ಲಿ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ದೊಡ್ಡ ಹೊಸ ಫ್ಯಾಕ್ಟರಿ ತೆಗೆದರು. ಇಲಿಯನ್‌ನ ಕೆಲವು ಕೆಲಸಗಳೂ ಅಲ್ಲಿಗೆ ಹೋದವು. ನ್ಯೂಯಾರ್ಕಿನ ಬಿಗಿ ಬಂದೂಕು ಕಾನೂನಿನಿಂದ ಹೋದರು ಅಂತ ಇಲ್ಲಿ ಬಹಳ ಜನ ಹೇಳುತ್ತಾರೆ. ನನಗೆ ಆ ಮಾತು ಪೂರ್ತಿ ನಂಬಿಕೆ ಬರಲ್ಲ. ಅಂಥ ಬಿಗಿ ಕಾನೂನು ಇಲ್ಲದ ಅಲಬಾಮಾದಲ್ಲೂ ಕೊಟ್ಟ ಮಾತಿನಷ್ಟು ಕೆಲಸ ಅವರು ಕೊಡಲಿಲ್ಲ.

2020 ನನ್ನ ಕಣ್ಣ ಮುಂದೆ ಇದೆ. ಕೊರೊನಾ, ಗಲಾಟೆ, ಚುನಾವಣೆ. ಅಮೆರಿಕದಲ್ಲಿ ಆ ವರ್ಷ ಎಫ್‌ಬಿಐ ಬಂದೂಕು ಕೊಳ್ಳುವವರ ಹಿನ್ನೆಲೆ ನೋಡುವ ತಪಾಸಣೆಯನ್ನು ಸುಮಾರು 4 ಕೋಟಿ ಸಲ ಮಾಡಿತು, ಅದುವರೆಗೆ ಯಾವತ್ತೂ ಇಲ್ಲದಷ್ಟು. ಅಂಗಡಿಯಲ್ಲಿ ತೋಟಾ ಸಿಗುತ್ತಿರಲಿಲ್ಲ. ಅಂಥ ವರ್ಷದಲ್ಲೇ ಕೋವಿ ಕಂಪನಿ ದಿವಾಳಿ! ಅಕ್ಟೋಬರ್‌ನಲ್ಲಿ ಇಲಿಯನ್‌ನ ಸುಮಾರು 585 ಜನರನ್ನು ಮನೆಗೆ ಕಳಿಸಿದರು. ಬರಬೇಕಾದ ರಜೆಯ ಸಂಬಳಕ್ಕೂ ಕಾರ್ಮಿಕರ ಸಂಘ ಹೋರಾಡಬೇಕಾಯಿತು. ಹರಾಜಿನಲ್ಲಿ ತೋಟಾ ವ್ಯಾಪಾರ ಮತ್ತು ಹೆಸರು 8.14 ಕೋಟಿಗೆ ಹೋಯಿತು. ಇಲಿಯನ್ ಫ್ಯಾಕ್ಟರಿ ಸೇರಿ ಕೋವಿ ಮಾಡುವ ಭಾಗಕ್ಕೆ ಸಿಕ್ಕಿದ್ದು 1.3 ಕೋಟಿ ಡಾಲರ್. ಹೊಸಬರು ಒಂದಿಷ್ಟು ಜನರನ್ನು ವಾಪಸ್ ಕರೆದರು, ಆಮೇಲೆ ಜಾರ್ಜಿಯಾಕ್ಕೆ ಹೊರಟರು.

ರಾಘು ಡೆನ್ವರ್

ವಾಣಿ ಅಕ್ಕ, 2020ರ ಮಾತು ಓದಿ ನನ್ನ ವಾದ ಸಡಿಲ ಆಯಿತು. ಬೇಡಿಕೆ ಆಕಾಶಕ್ಕೇರಿದ ವರ್ಷ ಬಿದ್ದರು ಅಂದರೆ ಮಾರುಕಟ್ಟೆಯನ್ನು ದೂರೋಕಾಗಲ್ಲ.

ಲೆಕ್ಕದ ಶೆಟ್ರು

ಹೌದು. ಗಿರಾಕಿ ಬಾಗಿಲಲ್ಲಿ ನಿಂತಿದ್ದ, ಮಾಲು ಮಾಡೋಕೆ ಕೈಯಲ್ಲಿ ದುಡ್ಡಿರಲಿಲ್ಲ. ಅದಕ್ಕೇ ನಾನು ಹೇಳಿದ್ದು, 2007ರಿಂದ ಇದರ ಕೆಡುಗಾಲ ಶುರು.

ಪೀಣ್ಯ ಮಂಜಣ್ಣ

ಶೆಟ್ರೇ, ಅಲ್ಲಿ ಮಾತ್ರ ನಾನು ನಿಮ್ಮ ಜೊತೆ ಇಲ್ಲ. 2007ಕ್ಕಿಂತ ಮೊದಲು ಎಲ್ಲಾ ಚೆನ್ನಾಗಿತ್ತು ಅನ್ನಬೇಡಿ. ಮಾಡೆಲ್ 700 ಅನ್ನೋ ರೆಮಿಂಗ್ಟನ್ ರೈಫಲ್‌ನ ಟ್ರಿಗರ್ ಕಥೆ ನೋಡಿ. 700 ಬಂದದ್ದು 1962ರಲ್ಲಿ, ಅದರ ಟ್ರಿಗರ್ ಇನ್ನೂ ಹಳೇದು, 1940ರ ದಶಕದ್ದು. ಒಳಗೆ ಕನೆಕ್ಟರ್ ಅಂತ ಒಂದು ಸಣ್ಣ ಉಕ್ಕಿನ ತುಂಡು ಇದೆ. ಅದನ್ನು ಟ್ರಿಗರ್‌ಗೆ ಸ್ಕ್ರೂ ಹಾಕಿ ಕೂರಿಸಿಲ್ಲ. ಬರೀ ಸ್ಪ್ರಿಂಗ್ ಒತ್ತಿ ಹಿಡಿದಿರುತ್ತೆ. ಪ್ರತಿ ಹೊಡೆತಕ್ಕೂ ಅದು ಟ್ರಿಗರ್‌ನಿಂದ ಬಿಟ್ಟು ಮತ್ತೆ ಬಂದು ಕೂರಬೇಕು. ನಡುವೆ ಧೂಳೋ ಒಣಗಿದ ಎಣ್ಣೆಯೋ ಸಿಕ್ಕಿಕೊಂಡರೆ ಪೂರ್ತಿ ಕೂರಲ್ಲ. ಆಗ ಬೆರಳು ಮುಟ್ಟದಿದ್ದರೂ ಗುಂಡು ಹಾರಬಹುದು.

ಇದನ್ನು ವಿನ್ಯಾಸ ಮಾಡಿದ ಮೈಕ್ ವಾಕರ್ ಅವರೇ 1940ರ ದಶಕದಲ್ಲಿ ಸುರಕ್ಷತೆಗೆ ಒಂದು ತಿದ್ದುಪಡಿ ಸೂಚಿಸಿದ್ದರು. ಕೋವಿಗೆ ಐದೂವರೆ ಸೆಂಟ್ ಖರ್ಚು. ಕಂಪನಿ ಮಾಡಲಿಲ್ಲ. ಆಗ ಮಾಲೀಕರು ಡುಪಾಂಟ್ ಅನ್ನೋ ದೊಡ್ಡ ರಾಸಾಯನಿಕ ಕಂಪನಿ, ದುಡ್ಡಿಗೇನೂ ಕೊರತೆ ಇರಲಿಲ್ಲ. 2000ದಲ್ಲಿ ಮೊಂಟಾನಾದಲ್ಲಿ 9 ವರ್ಷದ ಹುಡುಗ ಸತ್ತ, ಅವನ ತಾಯಿ ರೈಫಲ್ ಖಾಲಿ ಮಾಡುತ್ತಿದ್ದಾಗ. 2006ರಲ್ಲಿ ಬೇರೆ ಟ್ರಿಗರ್ ತಂದರು, ಅದನ್ನೂ 2014ರಲ್ಲಿ ವಾಪಸ್ ಕರೆಸಬೇಕಾಯಿತು. ಕೊನೆಗೆ ಟ್ರಿಗರ್ ಪುಕ್ಕಟೆ ಬದಲಿಸಿಕೊಡುವ ಕೋರ್ಟ್ ಒಪ್ಪಂದದಲ್ಲಿ ಸುಮಾರು 75 ಲಕ್ಷ ಕೋವಿಗಳು ಸೇರಿದವು. ಸೆರ್ಬೆರಸ್ ಬಂದು ಮನೆ ದೋಚಿತು ಅಂತಲೇ ಇಟ್ಟುಕೊಳ್ಳೋಣ. ಗೆದ್ದಲು ಮೊದಲೇ ಹಿಡಿದಿತ್ತು.

ಲೆಕ್ಕದ ಶೆಟ್ರು

ಐದೂವರೆ ಸೆಂಟ್ ಮಾತು ಓದಿ ಸುಮ್ನೆ ಕೂತುಬಿಟ್ಟೆ ಮಂಜಣ್ಣ. ಸಾಲವೇ ಕೊಂದದ್ದು ಅನ್ನೋದರಲ್ಲಿ ನಾನು ಈಗಲೂ ಗಟ್ಟಿ. ಆದರೆ ಕೊಂಡವರಿಗೆ ಸಿಕ್ಕಿದ್ದು ಆರೋಗ್ಯವಾಗಿದ್ದ ಕಂಪನಿ ಅಂತ ಇನ್ನು ಹೇಳಲ್ಲ.

ಕಾಫಿತೋಟದ ಪೂವಯ್ಯ

ಮಂಜಣ್ಣ, ಒಂದು ಅರ್ಜೆಂಟ್ ವಿಷಯ. ನಮ್ಮ ಚಿಕ್ಕಪ್ಪನ ಹತ್ತಿರ ಇರುವುದು 700. 1978ರಲ್ಲಿ ಮಾಡಿದ್ದು. ಟ್ರಿಗರ್ ಒಂದು ಸಲವೂ ಬದಲಿಸಿಲ್ಲವಂತೆ. ಈಗ ಏನು ಮಾಡಬೇಕು?

ಪೀಣ್ಯ ಮಂಜಣ್ಣ

ಇವತ್ತೇ ಫೋನ್ ಮಾಡಿ. 1982ಕ್ಕಿಂತ ಹಿಂದಿನ 700ರಲ್ಲಿ ಇನ್ನೊಂದು ತೊಡಕಿದೆ. ಗುಂಡು ಹಾರದಂತೆ ತಡೆಯುವ ಸೇಫ್ಟಿ ಹಾಕಿದ್ದಾಗ ಬೋಲ್ಟ್‌ಗೆ, ಅಂದರೆ ತೋಟಾ ಒಳಗೆ ತಳ್ಳುವ, ಹೊರಗೆ ತೆಗೆಯುವ ಉಕ್ಕಿನ ಭಾಗಕ್ಕೆ, ಬೀಗ ಬಿದ್ದಿರುತ್ತೆ. ತೋಟಾ ಹೊರಗೆ ತೆಗೆಯಬೇಕಾದರೆ ಮೊದಲು ಸೇಫ್ಟಿಯನ್ನು ಹೊಡೆಯುವ ಕಡೆಗೆ ತಳ್ಳಬೇಕು. ಆ ಕ್ಷಣದಲ್ಲೇ ಅಪಾಯ. ಕಂಪನಿ ಪುಕ್ಕಟೆ ಬದಲಿಸಿಕೊಡುತ್ತಿದ್ದ ಅವಧಿ ಮುಗಿದಿದೆ. ಕೋವಿ ರಿಪೇರಿ ಮಾಡುವ ಒಳ್ಳೆ ಗನ್‌ಸ್ಮಿತ್ ಹತ್ತಿರ ಹೋಗಿ ಬೇರೆ ಕಂಪನಿಯ ಟ್ರಿಗರ್ ಹಾಕಿಸಲಿ. ಅಲ್ಲಿಯವರೆಗೆ ತೋಟಾ ತುಂಬಲೇಬಾರದು.

ಕಾಫಿತೋಟದ ಪೂವಯ್ಯ

ಮಾತಾಡಿದೆ. ಚಿಕ್ಕಪ್ಪ ಮೊದಲು ನಂಬಲಿಲ್ಲ, 40 ವರ್ಷದಿಂದ ಏನೂ ಆಗಿಲ್ಲ ಅಂದರು. ಮಂಜಣ್ಣ ಬರೆದದ್ದನ್ನು ಫೋನಿನಲ್ಲೇ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಬೀರುವಿನ ಬಾಗಿಲು ತೆಗೆದ ಸದ್ದು ಕೇಳಿಸಿತು. ಖಾಲಿ ಇದೆ, ಬೋಲ್ಟ್ ಬಿಚ್ಚಿ ಬೇರೆ ಇಟ್ಟೆ ಅಂದರು. ಸೋಮವಾರ ಗನ್‌ಸ್ಮಿತ್ ಹತ್ತಿರ ಹೋಗುತ್ತಾರೆ.